ಹುಂಜ ಎನಿಸಿಕೊಂಡ ನುಮಾ

ನಮ್ಮ ನ್ಯೂ ಆರ್ಲಿಯನ್ಸಿನ ವಾದ್ಯಗಾರರಲ್ಲಿ ಒಂದು ಸಂಜ್ಞೆಯಿದೆ. ಹಾಡು ನಡೆಯುತ್ತಿರುವಾಗ ಮೇಳದ ಮುಂದಾಳು ಅಂಗೈಯಿಂದ ತನ್ನ ನೆತ್ತಿಯನ್ನು ತಟ್ಟಿಕೊಂಡರೆ, 'ಸಾಕು, ಎಲ್ಲರೂ ಹಾಡಿನ ಮೊದಲಿಗೆ ಬನ್ನಿ' ಎಂದರ್ಥ. ಎಷ್ಟೇ ಮೈಮರೆತು ನುಡಿಸುತ್ತಿದ್ದವನೂ ಆ ಕೈಯನ್ನು ಕಂಡ ಕೂಡಲೇ ತನ್ನ ಹಾರಾಟ ಬಿಟ್ಟು ಪಲ್ಲವಿಗೆ ಇಳಿಯುತ್ತಾನೆ. ಇದನ್ನು ಯಾರೂ ಯಾರಿಗೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಗಾರೆ ಕೆಲಸದವನಾದ ನನಗೇ ಗೊತ್ತಿದೆ ಎಂದ ಮೇಲೆ ಇನ್ನು ಕೇಳಬೇಕೆ. ನನ್ನ ಭಾವ ನುಮಾ ರೋಷೋನ್ ಕೆಟ್ಟದ್ದು ಈ ಒಂದು ಸಂಜ್ಞೆಯಿಂದ.

ಅವನು ಹೋದ ತಿಂಗಳು ತೀರಿಕೊಂಡಾಗ ಪತ್ರಿಕೆಯವರು ಆರು ಸಾಲು ಹಾಕಿದರು. ಅದರಲ್ಲಿ ನಾಲ್ಕು ಸಾಲು ಹುಂಜದ ಬಗ್ಗೆ. 'ಸ್ಯಾಕ್ಸೋಫೋನಿನಲ್ಲಿ ಹುಂಜದಂತೆ ಕೂಗಿ ನಾಡನ್ನೇ ನಗಿಸಿದ ಕಲಾವಿದ' ಅಂತೆ! ಬರೆದವನನ್ನು ಕರೆದು ಕೆನ್ನೆಗೆ ಎರಡು ಬಿಗಿಯೋಣ ಅನ್ನಿಸಿತು. ಆದರೆ ಆ ಹುಂಜಕ್ಕೆ ಕಾಳು ಹಾಕಿ ಬೆಳೆಸಿದವರಲ್ಲಿ ನಾನೂ ಒಬ್ಬ. ಅದಕ್ಕೇ ತೆಪ್ಪಗೆ ಕುಳಿತು ನನಗೆ ಗೊತ್ತಿರುವುದನ್ನು ಬರೆಯುತ್ತಿದ್ದೇನೆ.

ನುಮಾ ನಮ್ಮ ಏಳನೆಯ ವಾರ್ಡಿನವನೇ. ಅವನ ಅಪ್ಪನೂ ನನ್ನ ಅಪ್ಪನೂ ಒಂದೇ ಸಾರುವೆಯ ಹಲಗೆಯ ಮೇಲೆ ನಿಂತು ಊರಿನ ಅರ್ಧ ಸೂರುಗಳಿಗೆ ಗಾರೆ ಮೆತ್ತಿದವರು. ಅವನು ನನಗಿಂತ ಎರಡೇ ವರ್ಷಕ್ಕೆ ದೊಡ್ಡವನು. ಒಂದೇ ಬೀದಿಯ ಧೂಳಿನಲ್ಲಿ ಗೋಲಿ ಆಡಿದವರಾದ್ದರಿಂದ, ಮುಂದೆ ನನ್ನ ಅಕ್ಕನನ್ನು ಮದುವೆಯಾಗಿ ಭಾವನಾದರೂ ನನಗೆ ಅವನು ಏಕವಚನವೇ. ನಮ್ಮ ವಾರ್ಡಿನಲ್ಲಿ ಗಂಡುಮಗು ಹುಟ್ಟಿತೆಂದರೆ ಒಂದು ಕೈಗೆ ಗಾರೆಯ ಕರಣೆ, ಇನ್ನೊಂದು ಕೈಗೆ ವಾದ್ಯ ಎಂದು ಹಣೆಯಲ್ಲಿ ಬರೆದೇ ಇರುತ್ತದೆ. ನನ್ನ ಹಣೆಯಲ್ಲಿ ಬರೆಯುವಾಗ ದೇವರ ಶಾಯಿ ಮುಗಿದಿತ್ತೇನೋ, ಕರಣೆಯೊಂದೇ ಉಳಿಯಿತು.

ನಮ್ಮಿಬ್ಬರನ್ನೂ ಪ್ರೊಫೆಸರ್ ಅಷಿಲ್ ಅವರ ಬಳಿ ಪಾಠಕ್ಕೆ ಹಾಕಿದ್ದರು. ಪ್ರೊಫೆಸರ್ ಎಂದರೆ ಕಾಲೇಜಿನವರಲ್ಲ, ಹಗಲೆಲ್ಲ ಸಿಗಾರು ಸುತ್ತಿ ಸಂಜೆ ಮನೆಯ ಮುಂದಿನ ಕಟ್ಟೆಯಲ್ಲಿ ಸಂಗೀತ ಹೇಳಿಕೊಡುತ್ತಿದ್ದ ಮುದುಕ. ಮೊದಲ ವರ್ಷ ವಾದ್ಯ ಮುಟ್ಟುವ ಹಾಗೇ ಇಲ್ಲ. ಬಾಯಲ್ಲಿ ಸ್ವರ ಹಾಡಬೇಕು, ಕೈಯಲ್ಲಿ ತಾಳ ಹಾಕಬೇಕು, ಅಷ್ಟೇ. ಮೂರನೆಯ ವಾರ ನಾನು, "ಪ್ರೊಫೆಸರ್, ಕ್ಲಾರಿನೆಟ್ ಯಾವಾಗ ಕೊಡ್ತೀರಿ?" ಎಂದು ಕೇಳಿದೆ.

"ಬಾಯಲ್ಲೇ ಬಾರದ್ದು ಕೊಳವೇಲಿ ಬರುತ್ತೇನೋ, ಕತ್ತೆ?" ಎಂದರು.

ಕತ್ತೆ ಮಾರನೆಯ ದಿನದಿಂದ ಹೋಗಲಿಲ್ಲ. ನುಮಾ ಹದಿನಾಲ್ಕು ತಿಂಗಳು ಹಾಡಿದ. ಆಮೇಲೆ ಕ್ಲಾರಿನೆಟ್ ಕೈಗೆ ಬಂದಾಗ ಒಂದು ವಾರದಲ್ಲಿ, ವರ್ಷಗಟ್ಟಲೆ ಕಲಿತವರು ತಲೆ ತಗ್ಗಿಸುವ ಹಾಗೆ ನುಡಿಸಿದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನೌಕಾದಳದ ವಾದ್ಯಮೇಳಕ್ಕೆ ಸೇರಿ ಅಲ್ಲಿ ಸ್ಯಾಕ್ಸೋಫೋನಿಗೆ ಹೊರಳಿದ. ಯುದ್ಧ ಮುಗಿಸಿ ಮನೆಗೆ ಬರುವಾಗ ಹೊಸ ಬಗೆಯ ಜಾಝ್ ಅವನ ತಲೆಗೆ ಹೊಕ್ಕಿತ್ತು. ವಾರವಿಡೀ ನನ್ನ ಜೊತೆ ಗಾರೆ ಕಲಸುತ್ತಿದ್ದ. ಭಾನುವಾರ ಚರ್ಚಿನ ಪೂಜೆ ಮುಗಿಸಿ, ಕ್ಷೌರದಂಗಡಿಯ ಹಿಂದಿನ ಕೋಣೆಯಲ್ಲಿ ಅವನಂಥದೇ ನಾಲ್ಕು ತಲೆಕೆಟ್ಟವರೊಂದಿಗೆ ಸಂಜೆಯವರೆಗೂ ನುಡಿಸುತ್ತಿದ್ದ.

ಅಕ್ಕ ಒಡಿಲಳ ಮೇಲೆ ಅವನ ಕಣ್ಣು ಬಿದ್ದದ್ದು ಆಗಲೇ. ಒಂದು ಬೇಸಿಗೆ ಪೂರ್ತಿ ಸಂಜೆ ಹೊತ್ತು ನಮ್ಮ ಮನೆಯ ಮೆಟ್ಟಿಲ ಮೇಲೆ ಕುಳಿತು ಊದಿದ. ಮಾತು ಕಡಿಮೆ, ಊದುವುದೇ ಜಾಸ್ತಿ. ಅಮ್ಮ ಒಳಗಿನಿಂದಲೇ ನನ್ನನ್ನು ಕರೆದು, "ಅಲ್ಸೀಡ್, ಇವನು ಮದ್ವೆ ಆಗ್ತಾನೋ ಇಲ್ಲ ಬರೀ ಊದ್ಕೊಂಡೇ ಇರ್ತಾನೋ, ಸ್ವಲ್ಪ ಕೇಳ್ನೋಡು," ಎಂದು ಅವನಿಗೆ ಕೇಳಿಸುವಂತೆಯೇ ಕೂಗುತ್ತಿದ್ದಳು. ಅಕ್ಕ ಬೆಂಡೆಕಾಯಿ ಹೆಚ್ಚುವ ನೆಪದಲ್ಲಿ ಬಾಗಿಲಲ್ಲಿ ಕೂರುತ್ತಿದ್ದಳು. ಆ ಬೇಸಿಗೆಯಲ್ಲಿ ಅವನು ಕಟ್ಟಿದ ನಿಧಾನಗತಿಯ ಹಾಡೊಂದಕ್ಕೆ 'ಒಡಿಲಳ ಮೆಟ್ಟಿಲು' ಎಂದು ಹೆಸರಿಟ್ಟ. ಹಾಡು ಎಂದರೆ ಅದಕ್ಕೊಂದು ಸಣ್ಣ ಪಲ್ಲವಿ ಮಾತ್ರ ಇತ್ತು, ಉಳಿದದ್ದನ್ನು ಪ್ರತಿ ಸಂಜೆ ಹೊಳೆದಂತೆ ಬೇರೆ ಬೇರೆಯಾಗಿ ನುಡಿಸುತ್ತಿದ್ದ. ನನಗೆ ಸಂಗೀತ ತಿಳಿಯದು. ಆದರೂ ಆ ಹಾಡು ಶುರುವಾದರೆ ನನ್ನಂಥ ಮೊಂಡನೂ ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳುತ್ತಿದ್ದ.

ಮದುವೆಯಾಗಿ ಅವರಿಬ್ಬರೂ ನಮ್ಮ ಜೋಡಿ ಮನೆಯ ಇನ್ನೊಂದು ಅರ್ಧಕ್ಕೆ ಬಂದರು. ನಡುವೆ ಒಂದೇ ಗೋಡೆ. ಒಂದು ಸೋಮವಾರ ಕೆಂಪು ಬೀನ್ಸು ಅನ್ನ ಉಣ್ಣುತ್ತಾ ಭಾವ ಹೇಳಿದ: "ನನಗೆ ಬೇರೇನೂ ಬೇಡ ಕಣೋ. ಒಂದೇ ಒಂದು ರೆಕಾರ್ಡು. ನನ್ನ ಹೆಸರಿರೋದು. ಅದರಲ್ಲಿ ಒಡಿಲಳ ಮೆಟ್ಟಿಲು ಇರ್ಬೇಕು. ಆಮೇಲೆ ಸಾಯೋವರ್ಗೂ ಸುಣ್ಣ ಹೊಡಿ ಅಂದ್ರೂ ಹೊಡೀತೀನಿ."

"ಆಸೆಗೆ ಏನ್ ಕೊರತೆ," ಎಂದಳು ಅಕ್ಕ, ಇನ್ನೊಂದು ಸೌಟು ಬಡಿಸುತ್ತಾ. ಆದರೆ ಆ ಆಸೆ ಅವಳದೂ ಆಗಿತ್ತು. ಅವಳ ಮುಖ ನೋಡಿದವರಿಗೆ ತಿಳಿಯುತ್ತಿತ್ತು.

ಸಾವಿರದ ಒಂಬೈನೂರ ಐವತ್ತಮೂರರಲ್ಲಿ ಅವನಿಗೆ ರೆಕಾರ್ಡಿಂಗಿಗೆ ಕರೆ ಬಂತು, ಬೇರೆಯವನ ಹಾಡಿಗೆ. ಮೇಳದ ಮುಂದಾಳೂ ಆಗಿದ್ದ ಸ್ವೀಟ್ ಪರ್ಸಿ ಎಂಬ ಗಾಯಕ 'ಡೋರಾ, ಬಾಗಿಲು ತೆಗೆ' ಎಂಬ ಕುಣಿತದ ಹಾಡು ಹಾಡುವುದು, ನಡುವೆ ನಮ್ಮವನು ಸ್ವಲ್ಪ ಹೊತ್ತು ಸ್ಯಾಕ್ಸೋಫೋನ್ ನುಡಿಸುವುದು. ಹೊಲಿಗೆ ಯಂತ್ರದ ಅಂಗಡಿಯ ಹಿಂದಿನ ಕೋಣೆಯೇ ಸ್ಟುಡಿಯೋ. ಎಲ್ಲರೂ ಒಟ್ಟಿಗೆ ನಿಂತು ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿಗೆ ಮುಗಿಸಬೇಕು. ಒಬ್ಬ ತಪ್ಪಿದರೂ ಎಲ್ಲರೂ ಮತ್ತೆ ಮೊದಲಿನಿಂದ.

ಆ ಬೆಳಿಗ್ಗೆ ಪರ್ಸಿ ತನ್ನ ಗುಂಗುರು ಕೂದಲನ್ನು ನೇರ ಮಾಡಿಸಿಕೊಂಡು ಬಂದಿದ್ದ. ಕ್ಷಾರಕ್ಕೆ ಮೊಟ್ಟೆ, ಆಲೂಗೆಡ್ಡೆ ಅರೆದು ಹಚ್ಚುವ ಆ ಲೇಪವನ್ನು ಚೆನ್ನಾಗಿ ತೊಳೆಯದಿದ್ದರೆ ನೆತ್ತಿ ಕುದಿಯುತ್ತದೆ. ಸುಣ್ಣ ಬಿದ್ದು ಕೈ ಸುಟ್ಟುಕೊಂಡ ನನಗೆ ಆ ಉರಿ ಗೊತ್ತು. ಭಾವ ಕಣ್ಣು ಅರೆಮುಚ್ಚಿ ಚೆನ್ನಾಗಿ ನುಡಿಸುತ್ತಿದ್ದನಂತೆ. ಪರ್ಸಿ ಉರಿ ತಾಳಲಾರದೆ ಅಂಗೈಯಿಂದ ನೆತ್ತಿಗೆ ಫಟ್ ಎಂದು ಹೊಡೆದುಕೊಂಡ. ಭಾವ ಅದನ್ನು ಕಂಡ. ವಾದ್ಯಗಾರನಲ್ಲದವನು ಕಂಡಿದ್ದರೆ ತಲೆಗೇನೋ ಕಚ್ಚಿರಬೇಕು ಎಂದುಕೊಳ್ಳುತ್ತಿದ್ದ. ಭಾವ ಅದನ್ನೇ ಸಂಜ್ಞೆ ಎಂದುಕೊಂಡು ನಡುವೆಯೇ ಎಲ್ಲ ಬಿಟ್ಟು ಪಲ್ಲವಿಗೆ ಹಾರಿದ. ಉಳಿದವರು ಪರ್ಸಿಯನ್ನು ನೋಡಿಯೇ ಇರಲಿಲ್ಲ, ಅವರು ಇದ್ದಲ್ಲೇ ಇದ್ದರು. ಎರಡೂ ಡಿಕ್ಕಿ ಹೊಡೆದವು. ಗಾಬರಿಯಲ್ಲಿ ಭಾವ ವಾದ್ಯದ ಬಾಯಿಗೆ ಕಟ್ಟಿದ ರೀಡು ಎಂಬ ತೆಳು ಪಟ್ಟಿಯನ್ನು ಹಲ್ಲಿನಿಂದ ಕಚ್ಚಿದ. ಕೀರಲು ಸ್ವರವೊಂದು ಸಿಡಿಯಿತು. ಉಳಿದವರು ಎಲ್ಲಿದ್ದಾರೆಂದು ಹುಡುಕುತ್ತಾ ಅದೇ ಸ್ವರವನ್ನು ಮೂರು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ ಎಳೆದ. ಸಾಕ್ಷಾತ್ ಹುಂಜ. ಪರ್ಸಿ ಉರಿ ಮರೆತು ಗಹಗಹಿಸಿ ನಕ್ಕ. ಆ ನಗೆಯೂ ಟೇಪಿನಲ್ಲಿ ಕೂತಿತು.

ಹಾಡು ಮುಗಿದಾಗ ಭಾವ ಬೆವರೊರೆಸಿಕೊಂಡು, "ತಪ್ಪಾಯ್ತು ಸಾರ್, ಇನ್ನೊಂದ್ಸಲ ಮಾಡೋಣ," ಎಂದ.

ರೆಕಾರ್ಡು ಮಾಡಿಸುತ್ತಿದ್ದವನು ಗಾಜಿನ ಹಿಂದಿನಿಂದ ಎದ್ದು ಬಂದು, "ಇನ್ನೊಂದ್ಸಲ ಯಾಕೆ? ಇದರಲ್ಲೇ ಜೀವ ಇದೆ," ಎಂದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನಮ್ಮ ಕಸುಬಿನಲ್ಲಿ ಗಾರೆ ತಪ್ಪಿದರೆ ಒಣಗುವ ಮೊದಲು ಕೆರೆದು ಮತ್ತೆ ಮೆತ್ತುತ್ತೇವೆ. ಅವನ ತಪ್ಪು ಒಣಗಿದ್ದಷ್ಟೇ ಅಲ್ಲ, ಎರಡೇ ತಿಂಗಳಲ್ಲಿ ಊರೂರಿನ ಹೋಟೆಲುಗಳಲ್ಲಿ ತಿರುಗತೊಡಗಿತು. ಸೆಲೂನಿನಲ್ಲಿ, ಮೀನಂಗಡಿಯಲ್ಲಿ, ಬಸ್ಸಿನಲ್ಲಿ ಎಲ್ಲೆಲ್ಲೂ ಹುಂಜ. ಮೀನು ಮಾರುವ ಮಿಸ್ ಜೋಸೆಫೀನ್ ಅವನನ್ನು ಕಂಡರೆ, "ಬಾ ಬೇಬಿ, ಒಂದ್ಸಲ ಕೂಗು, ಒಂದು ಏಡಿ ಜಾಸ್ತಿ ಹಾಕ್ತೀನಿ," ಎನ್ನುತ್ತಿದ್ದಳು. ಮೊದಮೊದಲು ಭಾವನೂ ನಗುತ್ತಿದ್ದ.

ಈಗ ನನ್ನ ತಪ್ಪನ್ನು ಹೇಳಬೇಕು. ಆ ವರ್ಷ ಈಸ್ಟರ್ ಕಳೆದ ಭಾನುವಾರ ನಮ್ಮ ಪರಸ್ಪರ ಸಹಾಯ ಸಂಘದ ಸಭಾಂಗಣದಲ್ಲಿ ಮಧ್ಯಾಹ್ನದ ಸಂಗೀತವಿತ್ತು. ವಾರ್ಡಿನವರೆಲ್ಲ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಬಂದಿದ್ದರು. ಅಕ್ಕ ಮುಂದಿನ ಸಾಲಿನಲ್ಲಿದ್ದಳು. ಭಾವ ಮೊದಲ ಸಲ ನಾಲ್ಕು ಜನರ ಮುಂದೆ 'ಒಡಿಲಳ ಮೆಟ್ಟಿಲು' ಎತ್ತಿಕೊಂಡ. ಸಭೆ ಗಪ್‌ಚುಪ್ಪಾಯಿತು. ನಾನು ಹಿಂದಿನ ಬೆಂಚಿನಲ್ಲಿ ಎರಡು ಬಿಯರು ಇಳಿಸಿ ಕುಳಿತಿದ್ದೆ. ನನ್ನ ಎದೆ ಹೆಮ್ಮೆಯಿಂದ ಉಬ್ಬಿ ಒಡೆಯುವಂತಾಗಿತ್ತು. ನನ್ನ ಭಾವ, ನನ್ನ ಅಕ್ಕನ ಹಾಡು! ಪಕ್ಕದವರಿಗೆಲ್ಲ ಇವನು ನನ್ನವನು ಎಂದು ಗೊತ್ತಾಗಬೇಕಲ್ಲ. ಬಾಯಿ ತಾನಾಗಿ ತೆರೆಯಿತು:

"ಹುಂಜ ಕೂಗ್ಲಿ, ಭಾವ!"

ಆಮೇಲೆ ಎಡಗಡೆಯಿಂದ ಒಬ್ಬ, ಬಲಗಡೆಯಿಂದ ಇನ್ನೊಬ್ಬ, ಕೊನೆಗೆ ಇಡೀ ಸಭೆ ಕಾಲು ಕುಟ್ಟುತ್ತಾ "ಹುಂಜ! ಹುಂಜ!" ಎಂದಿತು. ಭಾವ ಇನ್ನೂ ಸ್ವಲ್ಪ ದೂರ ಹಾಡನ್ನು ಹಿಡಿದುಕೊಂಡು ನಡೆದ. ನಂತರ ಅಕ್ಕನ ಕಡೆ ನೋಡಿದ. ನೋಡಿ, ಕೂಗಿದ. ಸೂರು ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಮೊದಲು ಬಾಯಿ ತೆರೆದವನು ಯಾರೆಂಬುದು ಆ ಗದ್ದಲದಲ್ಲಿ ಯಾರಿಗೂ ನೆನಪುಳಿಯಲಿಲ್ಲ. ಭಾವನಿಗೆ ತಿಳಿದಿತ್ತೋ ಏನೋ, ಸಾಯುವವರೆಗೂ ಕೇಳಲಿಲ್ಲ. ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಆಮೇಲಿನ ಹದಿನೈದು ವರ್ಷಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಹೇಳಲು ಅದರಲ್ಲಿ ಏನೂ ಇಲ್ಲ. ಪರ್ಸಿಯ ಬಸ್ಸಿನಲ್ಲಿ ಊರೂರು ಸುತ್ತಿದ. ಕರಿಯರಾದ ನಮಗೆ ಹೋಟೆಲಿನ ಮುಂಬಾಗಿಲು ಇಲ್ಲದ ಕಾಲ, ಹಿಂದಿನ ಕಿಟಕಿಯಲ್ಲಿ ಕೈ ಚಾಚಿ ಪೊಟ್ಟಣ ಈಸಿಕೊಂಡು ಬಸ್ಸಿನಲ್ಲೇ ತಿನ್ನಬೇಕು. ಕೆಲವು ಊರುಗಳಲ್ಲಿ ಸಭಾಂಗಣದ ನಡುವೆ ಹಗ್ಗ ಕಟ್ಟಿ ಈಚೆಗೆ ನಮ್ಮವರನ್ನೂ ಆಚೆಗೆ ಬಿಳಿಯರನ್ನೂ ಕುಣಿಯಲು ಬಿಡುತ್ತಿದ್ದರಂತೆ. "ಬೇರೆ ಯಾವುದಕ್ಕೂ ಒಂದಾಗದವರು ಹುಂಜಕ್ಕೆ ಒಂದಾಗ್ತಿದ್ರು ಕಣೋ. ಹಗ್ಗದ ಎರಡೂ ಕಡೆ ಒಂದೇ ಬಾಯಿ," ಎಂದು ಭಾವ ಹೇಳುತ್ತಿದ್ದ. ಮೂರನೆಯ ವರ್ಷ ಪರ್ಸಿಯ ಮ್ಯಾನೇಜರು ಅವನಿಗೆ ಕೆಂಪು ಮಖಮಲ್ಲಿನ ಜುಟ್ಟಿದ್ದ ಟೋಪಿ ಹೊಲಿಸಿದ. ಭಾವ ಅದನ್ನು ಹಾಕಿಕೊಂಡ. ಯಾಕೆ ಹಾಕಿಕೊಂಡೆ ಎಂದು ನಾನು ಜಗಳವಾಡಿದ್ದುಂಟು.

"ಮನೇಲಿ ಮೂರು ಮಕ್ಕಳಿವೆ, ಅಲ್ಸೀಡ್. ಟೋಪಿ ಭಾರ ಏನಿಲ್ಲ," ಎಂದ.

ಒಂದು ಸಲ ತಪ್ಪಿಸಿಕೊಳ್ಳಲು ನೋಡಿದ. ಶಿಕಾಗೋಗೆ ಹೋಗಿ, ತಾಯಿಯ ಮನೆತನದ ಹೆಸರಿಟ್ಟುಕೊಂಡು, ಒಂದು ಒಳ್ಳೆಯ ಮೇಳ ಸೇರಿದ. ಮೂರು ವಾರ ಅಕ್ಕನಿಗೆ ದಿನಕ್ಕೊಂದು ಕಾಗದ. 'ಇಲ್ಲಿ ಯಾರಿಗೂ ನಾನು ಯಾರೆಂದು ಗೊತ್ತಿಲ್ಲ' ಎಂದು ಪ್ರತಿ ಕಾಗದದಲ್ಲೂ ಬರೆಯುತ್ತಿದ್ದ. ಬೇರೆಯವರು ದುಃಖದಿಂದ ಬರೆಯುವ ಆ ಮಾತನ್ನು ಅವನು ಹಬ್ಬದಂತೆ ಬರೆಯುತ್ತಿದ್ದ. ನಾಲ್ಕನೆಯ ವಾರ ನಮ್ಮೂರಿನ ರೈಲ್ವೆ ನೌಕರನೊಬ್ಬ ಅಲ್ಲಿಗೆ ಕೇಳಲು ಹೋದ. ಊರಿನವನನ್ನು ಪರವೂರಿನಲ್ಲಿ ಕಂಡ ಖುಷಿಗೆ ಕುರ್ಚಿಯ ಮೇಲೆ ಹತ್ತಿ ನಿಂತು, "ಅಯ್ಯೋ, ಇವನು ನಮ್ಮ ಹುಂಜ ಅಲ್ವಾ!" ಎಂದ. ಪಾಪ, ಅವನದೇನು ತಪ್ಪು. ನಾನು ಮಾಡಿದ್ದನ್ನೇ ಅವನೂ ಮಾಡಿದ. ಭಾವ ಮುಂದಿನ ವಾರವೇ ಊರಿಗೆ ಬಂದ.

ಇದೆಲ್ಲ ಹೊರಗಿನ ಕಾಟ. ಗೋಡೆಯ ಈಚೆ ಕುಳಿತು ನಾನು ಕೇಳಿದ್ದು ಬೇರೆ. ಬಸ್ಸಿನಿಂದ ಬಂದು ಮನೆಯಲ್ಲಿರುವ ದಿನಗಳಲ್ಲಿ ಭಾವ ಬೆಳಿಗ್ಗೆ ಅಭ್ಯಾಸ ಮಾಡುತ್ತಿದ್ದ. ಎಷ್ಟೋ ವರ್ಷ ಆ ಗೋಡೆಯಾಚೆಯಿಂದ ಬರುತ್ತಿದ್ದ 'ಒಡಿಲಳ ಮೆಟ್ಟಿಲು' ಮಳೆನೀರಿನಷ್ಟು ತಿಳಿಯಾಗಿತ್ತು. ಹುಂಜ ಹೊರಗಡೆ, ಮನೆಯೊಳಗೆ ನುಮಾ, ಹಾಗೆ ಒಂದು ಗಡಿ ಇದ್ದಂತಿತ್ತು. ಅರವತ್ತೆರಡರಲ್ಲೋ ಮೂರರಲ್ಲೋ ಒಂದು ಬೆಳಿಗ್ಗೆ ನಾನು ಚಿಕೋರಿ ಕಾಫಿ ಕುಡಿಯುತ್ತಿದ್ದಾಗ, ಹಾಡಿನ ನಡುವೆ ಇದ್ದಕ್ಕಿದ್ದಂತೆ ಆ ಕೂಗು ಬಂತು. ಮೂರು ಚಿಕ್ಕದು, ಒಂದು ಉದ್ದ. ವಾದ್ಯ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೊದಲಿನಿಂದ ಶುರುವಾಯಿತು. ಅದೇ ಜಾಗದಲ್ಲಿ ಮತ್ತೆ ಕೂಗು. ಆಗ ಅಲ್ಲಿ ಕೂಗು ಎಂದು ಯಾರೂ ಅವನನ್ನು ಕೇಳಿರಲಿಲ್ಲ. ಮುಂದೆಮುಂದೆ ಅವನು ಗಡ್ಡ ಬೋಳಿಸಿಕೊಳ್ಳುವಾಗ ಸಿಳ್ಳೆ ಹಾಕಿದರೂ ಅದು ನುಸುಳುತ್ತಿತ್ತು. ಅಕ್ಕ ಕೇಳಿಯೂ ಕೇಳದವಳಂತೆ ಇರುತ್ತಿದ್ದಳು.

ಅರವತ್ತೆಂಟರಲ್ಲಿ ಪರ್ಸಿ ಹಾಡುವುದನ್ನು ಬಿಟ್ಟು ಚರ್ಚಿಗೆ ಸೇರಿದ. ಭಾವ ಮತ್ತೆ ನನ್ನೊಡನೆ ಸಾರುವೆ ಹತ್ತಿದ. ನವೆಂಬರಿನ ಸಕಲ ಸಂತರ ಹಬ್ಬಕ್ಕೆ ಮುಂಚೆ ಇಬ್ಬರೂ ಸೇರಿ ವಾರ್ಡಿನವರ ಗೋರಿಗಳಿಗೆಲ್ಲ ಸುಣ್ಣ ಹೊಡೆಯುತ್ತಿದ್ದೆವು. ಕೈ ಕೆಸರಾದರೆ ಬಾಯಿ ಮೊಸರು, ಮನೆ ನಡೆಯುತ್ತಿತ್ತು. ಆದರೆ ಆ ಒಂದು ರೆಕಾರ್ಡಿನ ಮಾತನ್ನು ಅವನು ಆಡುವುದೇ ನಿಂತಿತು. ಅದು ನನ್ನ ಎದೆಯಲ್ಲಿ ಮುಳ್ಳಾಗಿತ್ತು.

ಎಪ್ಪತ್ತೆರಡರಲ್ಲಿ ಉತ್ತರದ ಕಡೆಯ ವಿಟಾಕರ್ ಎಂಬ ಬಿಳಿಯ, ಟೇಪು ಯಂತ್ರ ಹೊತ್ತುಕೊಂಡು ನಮ್ಮೂರಿಗೆ ಬಂದು ಬಾಡಿಗೆ ಮನೆ ಹಿಡಿದ. ಹಳೆಯ ವಾದ್ಯಗಾರರನ್ನು ಹುಡುಕಿ ರೆಕಾರ್ಡು ಮಾಡುವುದು ಅವನ ಹುಚ್ಚು. ಅವನ ಮನೆಯ ಸೂರಿಗೆ ಗಾರೆಯ ಹೂವು ಕೂರಿಸಲು ನಾನು ಹೋಗಿದ್ದೆ. ಕೆಳಗೆ ನಿಂತು, "ನಿಮಗೆ ಹುಂಜ ಗೊತ್ತಂತೆ, ಹೌದಾ?" ಎಂದು ಕೇಳಿದ.

ಏಣಿಯಿಂದ ಇಳಿಯದೆಯೇ ಹೇಳಿದೆ: "ಹುಂಜ ಸತ್ತೋಯ್ತು. ನುಮಾ ರೋಷೋನ್ ಬೇಕಾದ್ರೆ ಹೇಳಿ, ಕರ್ಕೊಂಡ್ಬರ್ತೀನಿ. ಅವನ ಹಾಡು, ಅವನ ಹೆಸರು. ಒಪ್ಪಿಗೇನಾ?"

ಮನುಷ್ಯ ಒಳ್ಳೆಯವನು. "ಒಪ್ಪಿಗೆ," ಎಂದ.

ಭಾವನನ್ನು ಒಪ್ಪಿಸಲು ಒಂದು ತಿಂಗಳು ಹಿಡಿಯಿತು. ಕೊನೆಗೆ ಅಕ್ಟೋಬರಿನ ಒಂದು ಮಧ್ಯಾಹ್ನ ಅದೇ ಸಂಘದ ಸಭಾಂಗಣದಲ್ಲಿ ಸೇರಿದೆವು. ಪಿಯಾನೋಗೆ ನಮ್ಮ ಚರ್ಚಿನ ಮಿಸ್ ಲಿಯೋನಾ, ಜೊತೆಗೆ ಇನ್ನಿಬ್ಬರು ಹಳೆಯ ಗೆಳೆಯರು. ಕೇಳಲು ನಾನೊಬ್ಬನೇ. ಅಕ್ಕ, "ನನಗೆ ಎದೆ ಹೊಡ್ಕೊಳ್ಳುತ್ತೆ, ನಾನು ಬರಲ್ಲ. ಆದ ಮೇಲೆ ಕೇಳ್ತೀನಿ," ಎಂದು ಮನೆಯಲ್ಲೇ ಉಳಿದಳು.

ಮೊದಲ ಸಲ ಅರ್ಧ ದಾರಿಯವರೆಗೂ ಎಂಥ ಚೆನ್ನಾಗಿತ್ತೆಂದರೆ, ನಾನು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡೆ. ಆಮೇಲೆ ಕೂಗು ಬಂತು. ಭಾವ ನಕ್ಕು, "ಹಳೇ ನೆಂಟ, ಕರೀದೇ ಬಂದ. ಇನ್ನೊಂದ್ಸಲ," ಎಂದ. ಎರಡನೆಯ ಸಲವೂ ಬಂತು. ಮೂರನೆಯ ಸಲ ಬೇರೆ ದಾರಿ ಹಿಡಿದು ಸುತ್ತಿಕೊಂಡು ಹೋದ, ಆ ದಾರಿಯ ಕೊನೆಯಲ್ಲಿ ಅದು ಮೊದಲೇ ಬಂದು ಕಾಯುತ್ತಿತ್ತು. ನಾಲ್ಕನೆಯ ಸಲ ಅವನಿಗೆ ಸಿಟ್ಟು ಬಂತು, ಆ ಸಿಟ್ಟಿನಲ್ಲಿ ಹಾಡು ಹೊತ್ತಿಕೊಂಡು ಉರಿಯಿತು, ಅದರ ನಟ್ಟನಡುವೆ ಹುಂಜ ಅಳುವಂತೆ ಕೂಗಿತು. ಐದು, ಆರು, ಏಳು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಒಂಬತ್ತನೆಯ ಸಲ ಭಾವ ಮುಷ್ಟಿಯಿಂದ ತನ್ನ ತೊಡೆಗೆ ಗುದ್ದಿಕೊಂಡ.

ಮಿಸ್ ಲಿಯೋನಾ ಪಿಯಾನೋದಿಂದ ಕೈ ತೆಗೆದಳು. "ನುಮಾ ಬೇಬಿ, ಬಂದ್ರೆ ಬರ್ಲಿ ಬಿಡು. ಇಪ್ಪತ್ತು ವರ್ಷ ಆಯ್ತು, ಈಗ ನಿನ್ನದೇ ತಾನೆ."

"ನನ್ನದಲ್ಲ, ಮಿಸ್ ಲಿಯೋನಾ," ಎಂದ ಭಾವ. "ಪರ್ಸಿಯ ನೆತ್ತಿ ಉರಿಗೆ ಸೇರಿದ್ದು."

ಅವನು ಹೊರಗೆ ಹೋಗಿ ನಲ್ಲಿಯಲ್ಲಿ ಮುಖ ತೊಳೆದು ಬಂದ. ಹತ್ತನೆಯ ಸಲ ಶುರುಮಾಡಿದ. ಕೂಗು ಬರುವ ಜಾಗ ಹತ್ತಿರವಾಯಿತು. ಅವನು ಆ ಜಾಗವನ್ನು ದಾಟಿದ. ಇನ್ನೊಂದು ಜಾಗವನ್ನೂ ದಾಟಿದ. ಪಲ್ಲವಿಗೆ ಬಂದು, ಕೊನೆಯ ಸ್ವರವನ್ನು ಮೆಲ್ಲಗೆ ಕೆಳಗಿಟ್ಟು ಮುಗಿಸಿದ. ಒಂದೇ ಒಂದು ಸ್ವರ ಅತ್ತಿತ್ತಾಗಲಿಲ್ಲ. ನಾನು ಮಗುವಿನಂತೆ ಅತ್ತೆ. ಹತ್ತೊಂಬತ್ತು ವರ್ಷದ ಪಾಪ ಇಳಿಯಿತು ಎಂದುಕೊಂಡೆ.

ವಿಟಾಕರ್ ಎದ್ದು ಬಂದು ಅವನ ಕೈ ಹಿಡಿದುಕೊಂಡ. "ಮಿಸ್ಟರ್ ರೋಷೋನ್, ಇದೇ. ಇದನ್ನೇ ಹಾಕ್ತೀನಿ."

"ಬೇಡ," ಎಂದ ಭಾವ. "ನಾಲ್ಕನೇದು ಹಾಕಿ."

"ಏನ್ ಭಾವ, ತಲೆ ಕೆಟ್ಟಿದ್ಯಾ? ನಾಲ್ಕನೇದ್ರಲ್ಲಿ ಹುಂಜ ಇದ್ಯಲ್ಲ!" ಎಂದು ನಾನು ಕಿರುಚಿದೆ.

ಅವನು ವಾದ್ಯವನ್ನು ಒರೆಸುತ್ತಾ ನನ್ನತ್ತ ನೋಡದೆ ಹೇಳಿದ: "ಹತ್ತನೇದು ಹಾಕೋದಾದ್ರೆ ನನ್ನ ಹೆಸರು ಹಾಕ್ಬೇಡಿ."

ನನಗೆ ಅರ್ಥವಾಗಲಿಲ್ಲ. ಇಷ್ಟು ವರ್ಷ ಪಂಜರದಲ್ಲಿದ್ದು ಬಾಗಿಲು ತೆರೆದರೂ ಹೊರಬರಲು ಹೆದರುತ್ತಿದ್ದಾನೆ, ಹೇಡಿ ಎಂದುಕೊಂಡೆ. ಎರಡು ವಾರ ಮಾತು ಬಿಟ್ಟೆ. ರೆಕಾರ್ಡು ನಾಲ್ಕನೆಯದರೊಂದಿಗೇ ಬಂತು, ಮೇಲೆ ಅವನ ಹೆಸರಿತ್ತು. ವಿಟಾಕರನನ್ನು ಕೇಳದೆ ಅವನ ಕಂಪನಿಯವರು ಪಕ್ಕದಲ್ಲೊಂದು ಹುಂಜದ ಚಿತ್ರವನ್ನೂ ಬರೆಸಿದ್ದರು. ಕೇಳಿದವರು ಚೆನ್ನಾಗಿದೆ ಎಂದರು. ನಾನು ಸುಮ್ಮನಿರಲಿಲ್ಲ, ವಿಟಾಕರನಿಗೆ ಕಾಗದ ಬರೆದೆ. ಇನ್ನೊಂದು ರೆಕಾರ್ಡು ತರುತ್ತಿದ್ದೇನೆ, ನುಮಾ ಒಪ್ಪಿದರೆ ಅದರಲ್ಲಿ ಹತ್ತನೆಯದನ್ನು ಖಂಡಿತ ಹಾಕುತ್ತೇನೆ ಎಂದು ಅವನು ಉತ್ತರ ಬರೆದ. ಜೊತೆಗೆ ಹತ್ತನೆಯದರ ಟೇಪಿನ ಪ್ರತಿಯನ್ನೂ ಕಳಿಸಿದ. ಅಕ್ಕ ಒಂದು ಸಲ ಇದನ್ನು ಕೇಳಿದರೆ ಸಾಕು, ಗಂಡನ ಕಿವಿ ಹಿಂಡಿ ಒಪ್ಪಿಸುತ್ತಾಳೆ ಎಂಬುದು ನನ್ನ ಲೆಕ್ಕ.

ಶುಕ್ರವಾರ ಬೆಳಿಗ್ಗೆ ಭಾವ ಮೀನು ಮಾರುಕಟ್ಟೆಗೆ ಹೋದದ್ದನ್ನು ನೋಡಿಕೊಂಡು, ಚರ್ಚಿನಿಂದ ಟೇಪು ಯಂತ್ರ ಎರವಲು ತಂದು ಅಕ್ಕನ ಅಡುಗೆಮನೆಯ ಮೇಜಿನ ಮೇಲಿಟ್ಟೆ. ಅವಳು ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು.

"ಏನಿದು?" ಎಂದಳು.

"ಕೇಳು, ಗೊತ್ತಾಗುತ್ತೆ," ಎಂದು ಗುಂಡಿ ಒತ್ತಿದೆ.

ಪಲ್ಲವಿ ಶುರುವಾದ ಕೂಡಲೇ ಅವಳ ಮುಖ ಅರಳಿತು. "ಅಯ್ಯೋ, ನನ್ನ ಹಾಡು!" ಇಸ್ತ್ರಿಪೆಟ್ಟಿಗೆ ಬದಿಗಿಟ್ಟು, ಏಪ್ರನ್ ತುದಿ ಹಿಡಿದುಕೊಂಡು ಕುರ್ಚಿಯಲ್ಲಿ ಕುಳಿತು ಕೇಳಿದಳು. ನಡುವೆ ಒಂದು ಸಲ ಹುಬ್ಬು ಗಂಟಿಕ್ಕಿದಳು. ಹಾಡು ಮುಗಿದ ಮೇಲೆ ತಗ್ಗಿದ ದನಿಯಲ್ಲಿ ಕೇಳಿದಳು: "ಯಾರ ಕೈಲಿ ನುಡಿಸ್ದ್ಯೋ ಇದನ್ನ? ನುಮಾಗೆ ಗೊತ್ತಾದ್ರೆ ನೊಂದ್ಕೋತಾನೆ. ಅವನಿಗೆ ಹೇಳ್ಬೇಡ."

ನಾನು ಯಂತ್ರದ ಗುಂಡಿ ಆರಿಸಿ ತಿರುಗಿದೆ. ಹಿತ್ತಿಲ ಬಾಗಿಲಲ್ಲಿ ಭಾವ ಸಿಗಡಿಯ ಪೊಟ್ಟಣ ಹಿಡಿದು ನಿಂತಿದ್ದ. ಯಾವಾಗಿನಿಂದ ನಿಂತಿದ್ದನೋ ದೇವರೇ ಬಲ್ಲ.

"ಯಾರೋ ಹೊಸಬ, ಒಡಿಲ್," ಎಂದ. "ಚೆನ್ನಾಗಿ ನುಡಿಸ್ತಾನೆ, ಅಲ್ವಾ?"

ಅಕ್ಕ ತಿರುಗಿ ಅವನನ್ನು ನೋಡಿ ನಾಚಿದಳು. ಆದರೆ ಸುಳ್ಳು ಹೇಳಿ ಅವಳಿಗೆ ಅಭ್ಯಾಸವಿಲ್ಲ. ಯೋಚಿಸಿ ಹೇಳಿದಳು: "ಶುದ್ಧವಾಗಿ ನುಡಿಸ್ತಾನೆ. ಒಂದು ಸ್ವರಾನೂ ತಪ್ಪಿಲ್ಲ. ಆದ್ರೆ ಪಾಪ, ಮೊದಲಿಂದ ಕೊನೇವರ್ಗೂ ಏನಕ್ಕೋ ಹೆದ್ರಿಕೊಂಡೇ ನುಡಿಸ್ತಾನೆ. ಹಾಡಿನ ಕಡೆ ಅವನಿಗೆ ಗಮನಾನೇ ಇಲ್ಲ."

"ಹೂಂ," ಎಂದ ಭಾವ. ಪೊಟ್ಟಣವನ್ನು ತೊಟ್ಟಿಯಲ್ಲಿಟ್ಟು ಕೈ ತೊಳೆದುಕೊಂಡ. ಟವೆಲ್ಲಿನಲ್ಲಿ ಒಂದೊಂದೇ ಬೆರಳನ್ನು ಒರೆಸಿಕೊಳ್ಳುತ್ತಾ ನನಗೆ ಹೇಳಿದ: "ಆ ಮನುಷ್ಯನಿಗೆ ಬೇಡ ಅಂತ ಬರೆದ್ಬಿಡು, ಅಲ್ಸೀಡ್."

ಅವತ್ತೇ ಬರೆದೆ. ಆಮೇಲೆ ಹನ್ನೊಂದು ವರ್ಷ ಬದುಕಿದ್ದ, ಒಂದು ಸಲವೂ ನಾವು ಆ ಮಾತನ್ನು ಎತ್ತಲಿಲ್ಲ. ಈಗ ಮನೆಯ ಆ ಅರ್ಧದಲ್ಲಿ ಅಕ್ಕ ಒಬ್ಬಳೇ. ಮೊನ್ನೆ ಪತ್ರಿಕೆಯ ಆರು ಸಾಲನ್ನು ಮತ್ತೆ ಓದಿ ಮಡಿಸಿಟ್ಟು, ಏನೋ ನೆನಪಾದವಳಂತೆ ಕೇಳಿದಳು: "ಅಲ್ಸೀಡ್, ಅವತ್ತು ನನ್ನ ಹಾಡು ನುಡಿಸಿದ್ನಲ್ಲ, ಆ ಹೊಸಬ, ಅವನು ಆಮೇಲೆ ಏನಾದ?"

ಗೊತ್ತಿಲ್ಲ ಅಕ್ಕ ಎಂದೆ.